ಬೈಗುಳದ ನೆಂಟಸ್ತಿಕೆ

ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದು ಕೋಳಿ ಕೂಗಿ ಅಲ್ಲ, ದಾದೋ ಬೈದು. ಸೋರೆಬುರುಡೆಯ ತುಂಬ ಹಾಲು ಹೊತ್ತು ಅಂಗಳಕ್ಕೆ ಕಾಲಿಟ್ಟವಳೇ ನೆಟ್ಟಗೆ ಕುಲುಮೆಗೆ ಹೋಗಿ ನನ್ನ ಮಾವನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದಳು.

“ಏ ಗುಲಾಮ, ಇನ್ನೂ ಸತ್ತಿಲ್ವಾ? ನಿನ್ನ ಮಣ್ಣಿಗೆ ಉಡೋಕೆ ಅಂತ ಹೊಸ ಬಟ್ಟೆ ತಂದಿಟ್ಟಿದೀನಿ, ಇಲಿ ತಿಂದು ಹೋಗ್ತಿದೆ.”

“ನೀವು ಕದ್ದ ಹಸುಗಳನ್ನ ಎಣಿಸ್ತಾ ಇದೀನಿ ಕಣೇ ಕಳ್ಳಿ. ಎಪ್ಪತ್ತು ವರ್ಷ ಆಯ್ತು, ಇನ್ನೂ ಅರ್ಧ ಆಗಿಲ್ಲ. ಮುಗಿಸದೆ ಹೆಂಗೆ ಸಾಯ್ಲಿ?”

ಮಾವನ ಹೆಸರು ನೊವಾಗ ಕಿಂದೊ. ಬುರ್ಕಿನಾ ದೇಶದ ಯಾತೆಂಗ ಸೀಮೆಯ ನಮ್ಮ ಕುಗ್ರಿ ಊರಿನಲ್ಲಿ ಹೊಲ ಉಳುವ ಮೋಸಿ ಜನಾಂಗದವರೇ ಹೆಚ್ಚು; ಗುದ್ದಲಿ, ಕುಡುಗೋಲು ಬೇಕೆಂದವರೆಲ್ಲ ಅವರ ಕುಲುಮೆಗೇ ಬರಬೇಕು. ನಾವು ಕಮ್ಮಾರರು, ದಾದೋ ದನ ಕಾಯುವ ಫುಲಾನಿಗಳವಳು. ಅವರಿಗೂ ನಮಗೂ ಹೆಣ್ಣು ಕೊಟ್ಟು ತರುವ ಬಳಕೆಯಿಲ್ಲ. ಇರುವುದು ಬೈಗುಳದ ನೆಂಟಸ್ತಿಕೆ. ಯಾವ ಕಾಲದಲ್ಲೋ ಹಿರಿಯರು ಆಣೆಯಿಟ್ಟುಕೊಂಡರಂತೆ: ಕಮ್ಮಾರ ಫುಲಾನಿಯನ್ನು, ಫುಲಾನಿ ಕಮ್ಮಾರನನ್ನು ಎಷ್ಟು ಬೇಕಾದರೂ ಬೈಯಲಿ, ಕುತ್ತಿಗೆಗೆ ಕತ್ತಿ ಹಿಡಿದು ಹೆದರಿಸಲಿ; ಸಿಟ್ಟಾಗುವಂತಿಲ್ಲ, ಒಬ್ಬರ ರಕ್ತ ಇನ್ನೊಬ್ಬರ ಕೈಯಿಂದ ಒಂದು ತೊಟ್ಟೂ ಬೀಳುವಂತಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದ ಮೊದಲ ದಿನ ದಾದೋ ನನ್ನ ಮೂಗು ಹಿಡಿದೆಳೆದು, “ಇದೇನು ಮುಖವೋ, ನೀವು ಸುಟ್ಟು ಒಡೆದ ಮಡಕೆಯೋ” ಎಂದಿದ್ದಳು. ಅತ್ತುಬಿಟ್ಟಿದ್ದೆ. ಆಮೇಲೆ ನನಗೂ ನಾಲಿಗೆ ಬೆಳೆಯಿತು.

ನನ್ನ ಗಂಡ ರಸ್ಮಾನೆ ಮಾತು ಕಡಿಮೆ, ಕೈಕೆಲಸ ಜಾಸ್ತಿ. ಗುದ್ದಲಿಯ ಜೊತೆ ನಾಡಬಂದೂಕನ್ನೂ ಮಾಡುತ್ತಾರೆ. ನಾನು ನಮ್ಮ ಜಾತಿಯ ಹೆಂಗಸರ ಹಾಗೆ ಮಡಕೆ ಮಾಡುತ್ತೇನೆ. ಮಗಳು ಬಿಬಾತಾ ಶಾಲೆಗೆ ಹೋಗುತ್ತಾಳೆ. ಇಪ್ಪತ್ತೆರಡರ ಮಗ ಕೂಕಾ ಕುಲುಮೆ ಬಿಟ್ಟು ಮೂರು ತಿಂಗಳಿಂದ ಊರುಗಾವಲು ದಳ ಸೇರಿದ್ದ. ಹೆಗಲಿಗೆ ಅಪ್ಪನೇ ಮಾಡಿದ ಬಂದೂಕು, ತಲೆಗೆ ಕೆಂಪು ಟೋಪಿ.

ಜನವರಿಯ ಒಂದು ಬೆಳಗ್ಗೆ ಅವನು ಪಹರೆ ಮುಗಿಸಿ ಬಂದಾಗ ನಾನು ಹಾಲನ್ನು ಸಜ್ಜೆಗಂಜಿಗೆ ಬೆರೆಸುತ್ತಿದ್ದೆ.

“ಯಾರ ಹಾಲು?” ಎಂದ.

“ಆಕಳ ಹಾಲು. ಇನ್ಯಾರದು, ನಿಮ್ಮ ದಳಪತೀದಾ?”

“ಅವ್ವ, ತಮಾಷೆ ಬೇಡ. ಫುಲಾನಿ ಮನೆ ಹಾಲು ಇನ್ಮೇಲೆ ಈ ಮನೇಗೆ ಬರಬಾರ್ದು. ವಿಷ ಹಾಕಿದ್ರೆ?”

ಮಾವ ಇಕ್ಕಳ ಕೆಳಗಿಟ್ಟರು. “ಎಪ್ಪತ್ತು ವರ್ಷದಿಂದ ಕುಡೀತಿದೀನಿ ಕಣೋ. ವಿಷ ಆಗಿದ್ರೆ ಬಲು ಸೋಮಾರಿ ವಿಷ.”

ಕೂಕಾ ಬುರುಡೆಯನ್ನು ಒದ್ದ. ಹಾಲು ಬೂದಿಯ ಮೇಲೆ ಹರಿಯಿತು. ಮಾವ ಎದ್ದು ಬಂದು ಅವನ ಕೆನ್ನೆಗೆ ಬಾರಿಸಿದರು. ಅರವತ್ತು ವರ್ಷ ಸುತ್ತಿಗೆ ಹಿಡಿದ ಕೈ; ಹುಡುಗನ ತುಟಿ ಒಡೆದು ರಕ್ತ ಬಂತು. ಅವನು ಒರೆಸಿಕೊಳ್ಳದೆ ಹೊರಟುಹೋದ. ಹಾಲು ಹೋದದ್ದಕ್ಕೋ, ಮಗನ ತುಟಿ ಒಡೆದದ್ದಕ್ಕೋ, ನನಗಂತೂ ಆ ದಿನವೆಲ್ಲ ಅಳು ಬರುತ್ತಿತ್ತು.

ಮುಂದಿನ ವಾರದ ಸಂತೆಗೆ ಎರಡು ಮೋಟಾರ್‌ಸೈಕಲ್‌ಗಳಲ್ಲಿ ನಾಲ್ಕು ಜನ ಬಂದರು. ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದರು. ಮೇಕೆ ಕಟ್ಟುವ ಸಾಲಿನಲ್ಲಿ ಇಳಿದು, ಏನೂ ಕೇಳದೆ, ಏನೂ ಹೇಳದೆ ಗುಂಡು ಹಾರಿಸಿದರು. ಊರಗೌಡನ ತಮ್ಮ ಬಿದ್ದ. ಸೊಪ್ಪು ಮಾರುವ ಮುದುಕಿ ಬಿದ್ದಳು. ಬಿಬಾತಾಳ ಮೇಷ್ಟ್ರು ಮಕ್ಕಳನ್ನು ಗೋಡೆಯ ಹಿಂದೆ ತಳ್ಳುತ್ತಿದ್ದವರು ಬೆನ್ನಿಗೆ ಎರಡು ಗುಂಡು ತಿಂದು ಅವಳ ಮೇಲೆಯೇ ಕುಸಿದರು. ಮಗಳು ಮನೆಗೆ ಬಂದಾಗ ಕುತ್ತಿಗೆಯಿಂದ ಮೊಣಕಾಲಿನವರೆಗೆ ರಕ್ತ. ಅವಳದೇ ಅಂದುಕೊಂಡು ನಾನು ಬಟ್ಟೆ ಹರಿದು ಹರಿದು ಗಾಯ ಹುಡುಕಿದೆ. ಅವಳು ಹಲ್ಲು ಕಟಕಟ ಅನ್ನಿಸುತ್ತ, “ನಂದಲ್ಲ ಅವ್ವ, ಮೇಷ್ಟ್ರದು, ನಂದಲ್ಲ” ಅನ್ನುತ್ತಲೇ ಇದ್ದಳು.

ಬಂದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಹೊರಡುವಾಗ ಒಬ್ಬ ಇನ್ನೊಬ್ಬನನ್ನು ಫುಲಾನಿ ಮಾತಿನಲ್ಲಿ ಕರೆದನಂತೆ. ಅಷ್ಟು ಸಾಕಾಯಿತು.

ಮೂರನೆಯ ದಿನ ಸಂಜೆ ಎಲ್ಲರೂ ಒಂದೇ ತಟ್ಟೆಯ ಸುತ್ತ ಕೂತಿದ್ದೆವು. ಸಜ್ಜೆ ಮುದ್ದೆ, ಬೆಂಡೆಕಾಯಿ ಸಾರು. ರೇಡಿಯೋದಲ್ಲಿ ರಾಜಧಾನಿಯಿಂದ ಮಂತ್ರಿಯೊಬ್ಬರು ಮಾತಾಡುತ್ತಿದ್ದರು. ನಮ್ಮ ಬುರ್ಕಿನಾದಲ್ಲಿ ಅರವತ್ತು ಜನಾಂಗಗಳಿದ್ದರೂ ನಗು ಒಂದೇ, ತಮಾಷೆಯ ನೆಂಟಸ್ತಿಕೆಯೇ ನಮ್ಮ ರಾಷ್ಟ್ರದ ಒಗ್ಗಟ್ಟು ಎನ್ನುತ್ತಿದ್ದರು.

ಕೂಕಾ ಎದ್ದು ರೇಡಿಯೋ ಬಂದ್ ಮಾಡಿದ. “ನಗೋಕೆ ಅವರ ಹತ್ರ ಪೊಲೀಸರಿದಾರೆ. ಇಲ್ಲಿಗೆ ಒಬ್ಬ ಪೇದೆ ಬಂದ್ನಾ? ಅಪ್ಪ, ದಳಪತಿ ತಸ್ಸೆರೆ ಹೇಳಿ ಕಳಿಸಿದಾರೆ. ಶುಕ್ರವಾರದೊಳಗೆ ಇಪ್ಪತ್ತು ಬಂದೂಕು ಬೇಕು.”

“ಯಾರ ಮೇಲೆ ಹಾರಿಸೋಕೆ?” ಮಾವ ಕೇಳಿದರು.

“ಬರೋರ ಮೇಲೆ.”

“ಬಂದೋರು ಮೋಟಾರ್‌ಸೈಕಲ್ ಹತ್ತಿ ಹೋದ್ರು. ಇಲ್ಲೇ ಇರೋರು ದಾದೋ, ಅವಳ ಗಂಡ ಯೇರೋ, ಅವರ ಹಸು. ನಿಮ್ಮ ಗುರಿಗೆ ಸಿಗೋರು ಅವರೇ ತಾನೆ?”

“ದಾರಿ ತೋರಿಸ್ದೋರು ಯಾರು ಅಜ್ಜ? ನಾವು ಮೋಸಿಗಳು ಸತ್ವಿ, ಫುಲಾನಿ ಒಬ್ಬನಾದ್ರೂ ಸತ್ನಾ?”

ಮಾವ ನಕ್ಕರು. ಅಂಥ ನಗು ಅವರ ಬಾಯಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ. “ನಾವು ಮೋಸಿಗಳಾ? ಯಾವತ್ತಿಂದ? ತಸ್ಸೆರೆ ತನ್ನ ತಂಗೀನ ನಿನಗೆ ಕೊಡ್ತಾನಾ ಕೇಳು. ಕಮ್ಮಾರ ಕುಡಿದ ಬುರುಡೇಲಿ ಅವರ ಮನೇಲಿ ನೀರು ಕುಡೀತಾರಾ ಕೇಳು. ಹೊಲ ಉಳೋವಾಗ ಕಮ್ಮಾರ, ಹೊಡೆದಾಡೋವಾಗ ಮೋಸಿ. ಚೆನ್ನಾಗಿದೆ ಲೆಕ್ಕ.”

“ಈಗ ಅವರ ಜೊತೆ ಒಂದೇ ತಟ್ಟೇಲಿ ತಿಂತೀನಿ!” ಕೂಕಾ ಕೂಗಿದ. “ಒಂದೇ ತಟ್ಟೇಲಿ, ಗೊತ್ತಾ? ನಿಮ್ಮ ಕಾಲದಲ್ಲಿ ಆಗಿತ್ತಾ ಇದು?”

ಅದೇ ಅವನ ಸಂಕಟ ಅಂತ ನನಗೆ ಆವತ್ತು ಗೊತ್ತಾಯಿತು. ಚಿಕ್ಕಂದಿನಿಂದ ಆಟಕ್ಕೆ ಸೇರಿಸಿಕೊಳ್ಳದ ಹುಡುಗರು ಈಗ ಹೆಗಲ ಮೇಲೆ ಕೈಹಾಕಿ ಕರೆಯುತ್ತಿದ್ದರು. ಪಾಪ, ನನ್ನ ಮಗ ಆ ಕೈಗಾಗಿ ಏನನ್ನಾದರೂ ಮಾಡುತ್ತಿದ್ದ.

“ನೀವೊಂದು ಮಾತಾಡಿ” ಎಂದು ಗಂಡನ ಕಡೆ ತಿರುಗಿದೆ.

ರಸ್ಮಾನೆ ಮುದ್ದೆ ಮುರಿಯುತ್ತ, “ನಾನು ಬಂದೂಕಿನ ನಳಿಗೆ ಮಾಡ್ತೀನಿ. ಗುರಿ ಇಡೋದು ಅವರು. ಇಲ್ಲ ಅಂದ್ರೆ ನಾಳೆ ಈ ಕುಲುಮೆಗೇ ಬೆಂಕಿ ಇಡ್ತಾರೆ” ಎಂದರು.

“ನಾನು ಕಬ್ಬಿಣ ಬಡಿಯೋ ಅಡಿಗಲ್ಲಿನ ಮೇಲೆ ಆಗಲ್ಲ” ಎಂದು ಮಾವ ಕೈತೊಳೆದು ಎದ್ದರು. ರಸ್ಮಾನೆ ಹಿತ್ತಿಲಲ್ಲಿ ಬೇರೆ ಒಲೆ ಹೂಡಿ ನಾಲ್ಕು ದಿನ ಬಡಿದರು. ತಿದಿ ಒತ್ತಿದವಳು ನಾನೇ. ಸುಳ್ಳು ಹೇಳಿ ಏನು ಮಾಡಲಿ?

ಶುಕ್ರವಾರ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿದ್ದಾಗ, ಊರಿನ ಬಡಗಣ ದಿಕ್ಕಿಗೆ ಗುಂಡಿನ ಸದ್ದು ಶುರುವಾಯಿತು. ಫುಲಾನಿಗಳ ಹಟ್ಟಿ ಇದ್ದುದು ಅಲ್ಲಿಯೇ. ಮೊದಲು ಒಂದೊಂದೇ, ಆಮೇಲೆ ಜೋಳ ಹುರಿದ ಹಾಗೆ. ಹೊಗೆ ಎದ್ದಿತು. ಮೈಗೆ ಬೆಂಕಿ ಹತ್ತಿದ ಹಸುವೊಂದು ನಮ್ಮ ಬೀದಿಯಲ್ಲಿ ಓಡಿಬಂದು ಮಸೀದಿಯ ಗೋಡೆಗೆ ಡಿಕ್ಕಿ ಹೊಡೆದು ಬಿತ್ತು. ಅದರ ಹಿಂದೆಯೇ ದಾದೋ. ಒಂದು ಮಗಳು ಬೆನ್ನಿಗೆ, ಇನ್ನೊಂದು ಕೈಯಲ್ಲಿ. ಅವಳ ಕಿವಿ ಅರ್ಧ ಹರಿದು ಜೋತಾಡುತ್ತಿತ್ತು. ಸೀದಾ ಕುಲುಮೆಗೆ ನುಗ್ಗಿ ಎರಡೂ ಕೈಯಿಂದ ಅಡಿಗಲ್ಲನ್ನು ತಬ್ಬಿಕೊಂಡಳು.

ಕಮ್ಮಾರನ ಅಡಿಗಲ್ಲು ಮುಟ್ಟಿದವನನ್ನು ಅರಸನೂ ಮುಟ್ಟುವಂತಿಲ್ಲ. ನಮ್ಮ ಸೀಮೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತು.

ಮಾವ ಬಾಗಿಲಿಗೆ ಅಡ್ಡವಾಗಿ ಕೂತರು. ತಸ್ಸೆರೆ ಹದಿನೈದು ಜನರನ್ನು ಕರೆದುಕೊಂಡು ಬಂದ. ಮಚ್ಚುಗಳು ಒದ್ದೆಯಾಗಿದ್ದವು. ಒಬ್ಬನ ಅಂಗಿಗೆ ಕೂದಲು ಅಂಟಿತ್ತು.

“ನೊವಾಗಪ್ಪ, ಎದ್ದೇಳಿ. ನಮಗೆ ನಿಮ್ಮ ಮೇಲೆ ಏನೂ ಇಲ್ಲ.”

“ನನಗೂ ನಿನ್ನ ಮೇಲೆ ಏನೂ ಇಲ್ಲ ತಸ್ಸೆರೆ. ನಿನ್ನ ಹೊಕ್ಕಳುಬಳ್ಳಿ ಕೊಯ್ದ ಕತ್ತಿ ಮಾಡಿದ್ದು ನಾನು. ಮನೆಗೆ ಹೋಗು.”

“ಒಳಗಿರೋದು ಹಾವು. ಹಾವಿನ ಮರಿಗಳು.”

“ಒಳಗಿರೋದು ನನ್ನ ಕಳ್ಳಿ. ಅವಳನ್ನ ಕೊಲ್ಲೋ ಹಕ್ಕು ಇದ್ರೆ ನನಗಿದೆ. ಎಪ್ಪತ್ತು ವರ್ಷದಿಂದ ಈ ಫುಲಾನಿಗಳನ್ನ ಕೊಲ್ತೀನಿ ಕೊಲ್ತೀನಿ ಅಂತಿದೀನಿ, ಪುರುಸೊತ್ತಾಗಿಲ್ಲ.”

ಒಂದಿಬ್ಬರು ನಕ್ಕೇಬಿಟ್ಟರು. ಅಷ್ಟರಲ್ಲೇ ಎಲ್ಲ ಮುಗಿದುಹೋಗುತ್ತಿತ್ತೋ ಏನೋ. ಆದರೆ ಸಂತೆಯಲ್ಲಿ ತಾಯಿಯನ್ನು ಕಳೆದುಕೊಂಡ ಒಬ್ಬ, ಆ ಸೊಪ್ಪಿನ ಮುದುಕಿಯ ಮಗ, ಹಿಂದಿನಿಂದ ನುಗ್ಗಿಬಂದು ಬಂದೂಕಿನ ಹಿಡಿಯಿಂದ ಮಾವನ ತಲೆಗೆ ಬೀಸಿದ. ಒಣ ಸೋರೆಬುರುಡೆ ಒಡೆದ ಸದ್ದು. ಮಾವ ಕುಲುಮೆಯ ಹೊಸಿಲ ಮೇಲೆ ಅಡ್ಡಬಿದ್ದರು.

ನಾನು ಒಲೆಯಿಂದ ಉರಿಯುವ ಕೊಳ್ಳಿ ಎಳೆದುಕೊಂಡು, “ಬನ್ರೋ! ಬನ್ನಿ, ಯಾವನು ಬರ್ತೀರಿ!” ಎಂದು ಚೀರಿದೆ. ಯಾರೂ ಬರಲಿಲ್ಲ. ನನ್ನ ಕೊಳ್ಳಿಗೆ ಹೆದರಿ ಅಲ್ಲ. ಕಮ್ಮಾರನ ರಕ್ತ ಕುಲುಮೆಯ ಹೊಸಿಲ ಮೇಲೆ ಬಿದ್ದಿತ್ತು. ಗುದ್ದಲಿ ಹಿಡಿಯುವ ಯಾವ ಕೈಗೂ ಅದು ಒಳ್ಳೆಯದಲ್ಲ. ಒಬ್ಬೊಬ್ಬರೇ ಹಿಂದೆ ಸರಿದರು. ಎಲ್ಲರ ಹಿಂದೆ ನಿಂತಿದ್ದ ಕೂಕಾ ಆಗ ಕಣ್ಣಿಗೆ ಬಿದ್ದ. ಅಜ್ಜನ ಕಡೆ ಓಡಿಬಂದ. ಒಳಗಿನಿಂದ ದಾದೋ ಅವನನ್ನು ನೋಡಿದಳು. ಅವನು ಅವಳನ್ನು ನೋಡಲಿಲ್ಲ.

ಆಮೇಲಿನ ಒಂಬತ್ತು ದಿನ ಮನೆ ಹೇಗೆ ನಡೆಯಿತೆಂದು ಈಗ ನೆನೆದರೆ ಆಶ್ಚರ್ಯವಾಗುತ್ತದೆ. ಮಾವ ಚಾಪೆಯ ಮೇಲೆ, ಒಂದು ಕಡೆ ಕೈಕಾಲು ಬಿದ್ದುಹೋಗಿ. ದಾದೋ ಮತ್ತು ಮಕ್ಕಳು ಮಡಕೆ ಪೇರಿಸಿಡುವ ಕೋಣೆಯಲ್ಲಿ. ಹೊರಗೆ ದಳದವರು ಬೀದಿ ಕಾಯುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಊರು ಕಾಯಬೇಕಾದವರೇ ಕೊಂದಿದ್ದರು; ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುತ್ತಾರಲ್ಲ, ಹಾಗೆ. ನಾನು ಸೂಜಿದಾರದಿಂದ ದಾದೋಳ ಕಿವಿ ಹೊಲಿದೆ.

“ಮಡಕೆ ತೇಪೆ ಹಾಕೋ ಕೈ ಇದು. ನೆಟ್ಟಗೆ ಹಾಕೇ” ಎಂದಳು.

ಇಬ್ಬರೂ ಒಂದೇ ಒರಳಿಗೆ ಎರಡು ಒನಕೆ ಹಾಕಿ ಸಜ್ಜೆ ಕುಟ್ಟುತ್ತಿದ್ದೆವು. ಅವಳು ಹೋಗಿ ಮಾವನ ಪಕ್ಕ ಕೂತು, “ಗುಲಾಮ, ಅರ್ಧ ಮಾತ್ರ ಸತ್ತಿದೀಯಲ್ಲೋ, ಕೆಲಸ ಪೂರ್ತಿ ಮಾಡೋ ಅಭ್ಯಾಸ ಇಲ್ವಾ?” ಅನ್ನುತ್ತಿದ್ದಳು. ಅವರ ಬಾಯಿಯ ಒಂದು ಕೊನೆ ಮೇಲೇರುತ್ತಿತ್ತು. ಅದನ್ನು ನೋಡಿ ಅವಳು ಹೊರಗೆ ಬಂದು ಉಟ್ಟ ಬಟ್ಟೆಯ ಅಂಚು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು.

ದಿನವೂ ಕೂಕಾ ಊಟಕ್ಕೆ ಬಂದಾಗ ಅವಳದು ಒಂದೇ ಪ್ರಶ್ನೆ. “ಯೇರೋ ಕಂಡ್ನೇನೋ?”

“ಉತ್ತರಕ್ಕೆ ಓಡಿದ ಅಂತ ಹೇಳ್ದೆನಲ್ಲ. ಗಡಿ ದಾಟಿರ್ತಾನೆ.”

“ನೀನೇ ನೋಡಿದ್ಯಾ?”

“ನೋಡ್ದೋರು ಹೇಳಿದ್ರು.”

ಅವನು ಎರಡು ತುತ್ತು ತಿಂದು ಏಳುತ್ತಿದ್ದ. ಒಂದು ದಿನ ಕೈತೊಳೆಯಲು ನೀರು ಹಾಕುತ್ತ ಮೆಲ್ಲಗೆ ಕೇಳಿದೆ, “ಕೂಕಾ, ನಿನ್ನ ಕೈ ಅಂತೂ ಏನೂ ಮಾಡಿಲ್ಲ ತಾನೆ?”

“ನೀರು ಹಾಕು ಅವ್ವ.”

ಹಾಕಿದೆ. ಇನ್ನೊಮ್ಮೆ ಕೇಳಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಕೇಳಿದರೆ ಉತ್ತರ ಬಂದೀತೆಂಬ ಭಯ ನನಗೆ. ನಮ್ಮವನೊಬ್ಬನ ಕೈಯಿಂದ ಫುಲಾನಿ ರಕ್ತ ಬಿದ್ದರೆ ಆ ಮನೆಯಲ್ಲಿ ಕಬ್ಬಿಣ ಬಗ್ಗುವುದಿಲ್ಲ, ಬಸಿರು ನಿಲ್ಲುವುದಿಲ್ಲ. ಆದರೆ ಶಾಪಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ನಾನು ಹೆತ್ತವನು ಯಾರಾಗಿದ್ದಾನೆ ಎಂಬುದು.

ಸೈನ್ಯದ ಲಾರಿ ಬದುಕುಳಿದ ಫುಲಾನಿಗಳನ್ನು ಪಟ್ಟಣದ ಶಾಲೆಗೆ ಸಾಗಿಸಲು ಭಾನುವಾರ ಮಧ್ಯಾಹ್ನ ಬರುತ್ತದೆ ಎಂದು ಸುದ್ದಿ ಬಂತು. “ಹತ್ತಿಸಿ ಕಳಿಸಿಬಿಡು. ನಮಗೂ ಉಸಿರಾಡೋಕೆ ಆಗ್ತಿಲ್ಲ” ಎಂದರು ರಸ್ಮಾನೆ. ದಾದೋ, “ಯೇರೋ ಇಲ್ಲದೆ ನಾನು ಎಲ್ಲಿಗೂ ಬರಲ್ಲ. ಬದುಕಿದ್ರೆ ಅವನು, ಇಲ್ದಿದ್ರೆ ಅವನ ಮಣ್ಣು” ಎಂದಳು.

ಭಾನುವಾರ ಬೆಳಗಿನ ಜಾವ ಮಾವ ಹೋದರು.

ಕುಲುಮೆಯ ಹಿಂದೆ ಗುಂಡಿ ತೋಡಿದರು. ಇಡೀ ಊರು ಸೇರಿತು. ತಸ್ಸೆರೆಯೂ ಬಂದ, ದಳದವರೂ ಬಂದರು, ಹೊಡೆದವನೂ ತಲೆತಗ್ಗಿಸಿಕೊಂಡು ಬಂದ. ಕಮ್ಮಾರನ ಮಣ್ಣಿಗೆ ಬಾರದವನ ಹೊಲಕ್ಕೆ ಮಳೆ ಬೀಳುವುದಿಲ್ಲವೆಂಬ ಹೆದರಿಕೆ ಎಲ್ಲರಿಗೂ. ಚಾಪೆ ಸುತ್ತಿದ ಹೆಣವನ್ನು ತಂದು ಗುಂಡಿಯ ಅಂಚಿನಲ್ಲಿಟ್ಟರು. ಏನು ಕಡಿಮೆಯಾಗಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಕಮ್ಮಾರ ಸತ್ತರೆ ಫುಲಾನಿಗಳು ಬಂದು ಗಲಾಟೆ ಮಾಡಬೇಕು. ಸತ್ತವನ ಹಾಗೆ ಕೆಮ್ಮಿ, ಕುಂಟಿ, ಅಣಕಿಸಬೇಕು. ಗುಂಡಿಯಲ್ಲಿ ಮಲಗಿ, ಕೇಳಿದ್ದು ಕೊಡುವವರೆಗೂ ಏಳೋದಿಲ್ಲ ಎಂದು ಹಟ ಹಿಡಿಯಬೇಕು. ಅವರು ಎದ್ದ ಮೇಲೇ ಹೆಣ ಇಳಿಯುವುದು.

“ಈ ಸಲ ಅದಿಲ್ಲ. ಇಳಿಸಿ” ಎಂದ ತಸ್ಸೆರೆ.

“ಯಾಕಿಲ್ಲ?” ಎಂಬ ದನಿ ಬಂತು.

ದಾದೋ ಮಡಕೆ ಕೋಣೆಯಿಂದ ಹೊರಗೆ ಬಂದಿದ್ದಳು. ನೂರು ಜನರ ನಡುವೆ, ಬಂದೂಕುಗಳ ನಡುವೆ ನಡೆದುಬಂದಳು. ಮಾವನ ಹಾಗೇ ಸೊಂಟ ಬಗ್ಗಿಸಿ, ಮೂಗು ಸೊರಗುಟ್ಟಿಸಿ, “ಒಂದು... ಎರಡು... ಕಳ್ಳಿ, ಮೂರನೇ ಹಸು ಎಲ್ಲೇ?” ಎಂದಳು. ಥೇಟ್ ಅವರದೇ ದನಿ. ಬಿಬಾತಾ ಅಳುತ್ತಳುತ್ತಲೇ ನಕ್ಕಳು. ದಾದೋ ಗುಂಡಿಗೆ ಜಾರಿ ಇಳಿದು ಅಂಗಾತ ಮಲಗಿದಳು.

“ಆಹಾ, ತಂಪಾಗಿದೆ. ಗುಲಾಮನಿಗೆ ಇಷ್ಟು ಒಳ್ಳೆ ಜಾಗ ಯಾಕೆ? ನಾನೇ ಇರ್ತೀನಿ.”

ಹೊಡೆದವನು ಬಂದೂಕಿಗೆ ಕೈ ಹಾಕಿದ. ಇಷ್ಟು ದಿನ ಬಾಯಿ ಬಿಡದ ನನ್ನ ಗಂಡ ದೊಡ್ಡ ಸುತ್ತಿಗೆ ಎತ್ತಿಕೊಂಡು ಗುಂಡಿಯ ಅಂಚಿಗೆ ಬಂದು ನಿಂತರು. “ನಮ್ಮಪ್ಪನ ಮಣ್ಣು ಇದು. ಅವಳು ಏಳೋವರೆಗೂ ಯಾರೂ ಅಲ್ಲಾಡಬಾರ್ದು.” ಆಮೇಲೆ ಪದ್ಧತಿಯಂತೆ ಕೇಳಿದರು, “ಕಳ್ಳಿ, ಏನು ಕೊಟ್ರೆ ಏಳ್ತೀಯ? ಕೋಳಿನಾ? ಬಟ್ಟೆನಾ?”

“ಕೋಳಿ ನೀವೇ ತಿನ್ನಿ. ಯೇರೋ ಎಲ್ಲಿದಾನೆ ಹೇಳ್ರಿ, ಏಳ್ತೀನಿ.”

ತಸ್ಸೆರೆ, “ಉತ್ತರಕ್ಕೆ...” ಎಂದು ಶುರುಮಾಡಿದ.

“ನಿನ್ನ ಕೇಳ್ಲಿಲ್ಲ. ನೀನು ನನ್ನ ನೆಂಟ ಅಲ್ಲ. ಮೊಮ್ಮಗ ಹೇಳ್ಲಿ. ಏ ಕೂಕಾ, ಏ ಗುಲಾಮನ ಗುಲಾಮ, ಹೆಣ ಮುಂದಿಟ್ಕೊಂಡು ಸುಳ್ಳು ಹೇಳ್ತೀಯೋ?”

ಕೂಕಾ ಅಜ್ಜನ ಚಾಪೆಯ ಪಕ್ಕ ನಿಂತಿದ್ದ. ಟೋಪಿ ತೆಗೆದ.

“ಮಣ್ಣಿನ ಗುಂಡೀಲಿ” ಎಂದ. “ಅವ್ವ ಮಡಕೆಗೆ ಮಣ್ಣು ತರೋ ಗುಂಡೀಲಿ. ಹನ್ನೊಂದು ಜನ ಇದಾರೆ.”

“ಸುಮ್ನಿರೋ!” ತಸ್ಸೆರೆ ಗದರಿದ.

ದಾದೋ ಎದ್ದು ಕೂತಳು. “ಯೇರೋ ಓಡೋನು. ನನ್ನ ಗಂಡ ಮೊಲದ ಹಾಗೆ ಓಡೋನು. ಯಾಕೆ ಓಡ್ಲಿಲ್ಲ?”

“ಎಲ್ರೂ ಓಡಿದ್ರು. ಅವನೊಬ್ಬ ನಿಂತ.” ಕೂಕಾನ ದನಿ ಚಿಕ್ಕ ಮಗುವಿನದಾಗಿತ್ತು. “ನನ್ನ ನೋಡಿ ನಿಂತ. ನಾನು ಬಂದೂಕು ಎತ್ತಿದೆ. ನಕ್ಕ. ‘ಏ ಗುಲಾಮ, ಉಲ್ಟಾ ಹಿಡ್ಕೊಂಡಿದೀಯ ಕಣೋ, ನಿಮ್ಮಪ್ಪ ಹೇಳ್ಕೊಡ್ಲಿಲ್ವಾ’ ಅಂದ. ಓಡು ಅಂದೆ, ಮೆಲ್ಲಗೆ ಅಂದೆ. ಇನ್ನೂ ನಕ್ಕ. ತಸ್ಸೆರೆ ಹಿಂದೆ ನಿಂತು, ‘ನೀನು ಯಾರವನು ಅಂತ ಈಗ ಗೊತ್ತಾಗುತ್ತೆ’ ಅಂದ. ಯೇರೋ ಎದೆ ಮುಂದೆ ಮಾಡಿ, ‘ಹೊಡಿಯೋ, ಹೊಡಿ’ ಅಂತ ಹತ್ರ ಬಂದ. ಹೊಡೆದೆ. ಬೀಳೋವರೆಗೂ ಅವನು ತಮಾಷೆ ಅಂದ್ಕೊಂಡಿದ್ದ, ದಾದೋ.”

ನನ್ನ ಗಂಡನ ಕೈಯಿಂದ ಸುತ್ತಿಗೆ ಜಾರಿತು. ನಾನು ಎದೆ ಬಡಿದುಕೊಳ್ಳಲಿಲ್ಲ, ಅಳಲೂ ಇಲ್ಲ. ಈ ಹುಡುಗನನ್ನು ನಾನು ಹೆರಬಾರದಿತ್ತು ಅನ್ನಿಸಿತು. ಮರುಕ್ಷಣವೇ ಓಡಿಹೋಗಿ ತಬ್ಬಿಕೊಳ್ಳಬೇಕೆನ್ನಿಸಿತು. ಎರಡೂ ನಿಜ.

ದಾದೋ ಎದ್ದು ನಿಂತು ಕೈಚಾಚಿದಳು. ನಾನೇ ಹಿಡಿದೆಳೆದೆ. ಮೈಮೇಲಿನ ಮಣ್ಣು ಕೊಡವಿಕೊಂಡಳು. ರಸ್ಮಾನೆ ಮತ್ತು ನಾಲ್ಕು ಜನ ಮಾವನನ್ನು ಕೆಳಗಿಳಿಸಿದರು, ಮಣ್ಣು ಮುಚ್ಚಿದರು. ಅದೆಲ್ಲ ಮುಗಿಯುವವರೆಗೂ ಅವಳು ಅಲ್ಲೇ ನಿಂತಿದ್ದಳು. ಆಮೇಲೆ ರಸ್ಮಾನೆ ಅದೇ ಗುದ್ದಲಿಗಳನ್ನು ಹೆಗಲಿಗೇರಿಸಿ ಮಣ್ಣಿನ ಗುಂಡಿಯ ದಾರಿ ಹಿಡಿದರು. ಊರಿನ ಒಂದಿಬ್ಬರು ಮುದುಕರು ಹಿಂದೆ ಹೊರಟರು. ತಸ್ಸೆರೆ ತಡೆಯಲಿಲ್ಲ. ದಾದೋ ಒಂದು ಮಗಳನ್ನು ಬೆನ್ನಿಗೆ ಕಟ್ಟಿಕೊಂಡು, ಇನ್ನೊಂದರ ಕೈಹಿಡಿದು ಅವರ ಹಿಂದೆ ಹೊರಟಳು.

ಕೂಕಾ ಅವಳ ಮುಂದೆ ಬಂದು ಮೊಣಕಾಲೂರಿದ.

“ಬೈಯಿ” ಎಂದ. “ಏನಾದ್ರೂ ಬೈಯಿ ದಾದೋ. ಉಗಿ. ಗುಲಾಮ ಅನ್ನು. ಒಂದೇ ಒಂದು ಸಲ ಅನ್ನು.”

ದಾದೋ ನಿಂತಳು. ಅವನ ಮುಖ ನೋಡಿದಳು. ಯಾವ ಫುಲಾನಿಯೂ ನಮ್ಮವರೊಡನೆ ಆಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರದ ದನಿಯಲ್ಲಿ, ಪಟ್ಟಣದ ಕಚೇರಿಯಲ್ಲಿ ಗುರುತಿಲ್ಲದವರೊಡನೆ ಮಾತಾಡುವ ಹಾಗೆ ಮಾತಾಡಿದಳು.

“ದಯವಿಟ್ಟು ದಾರಿ ಬಿಡಿ ಅಣ್ಣಾವ್ರೇ. ನಮಗೆ ಹೊತ್ತಾಯ್ತು.”

ನನ್ನ ಮಗ ಪಕ್ಕಕ್ಕೆ ಸರಿದ.